‘ಡಾರ್ಕ್ ಷ್ಯಾಡೋಸ್’: ಒಂದು ಭೀತಿಕಥಾ ಧಾರಾವಾಹಿಯ ಮರುವೀಕ್ಷಣೆ

ಚರಿತ್ರೆಯ ವಿದ್ಯಾರ್ಥಿಗೆ ಆಧಾರಗಳೆಂದರೆ ಶಾಸನ, ನಾಣ್ಯ, ಕಡತ, ಪ್ರವಾಸಿಗಳ ಬರೆಹ ಮುಂತಾದವು ಎಂಬ ರೂಢಿ ನಮ್ಮಲ್ಲಿ ಬಲವಾಗಿದೆ. ಒಂದು ದಿನದ ಮಧ್ಯಾಹ್ನ ತೋರಿಸಿ ಮರುದಿನ ಮರೆತುಬಿಡಲೆಂದೇ ತಯಾರಿಸಿದ ಟೆಲಿವಿಷನ್ ಧಾರಾವಾಹಿಯೊಂದನ್ನು ಆ ಸಾಲಿನಲ್ಲಿ ನಿಲ್ಲಿಸಿದರೆ ಹಲವರಿಗೆ ನಗೆ ಬಂದೀತು. ಅದರಲ್ಲಿಯೂ ದೆವ್ವ, ಮಾಟಗಾತಿ, ರಕ್ತಪಿಶಾಚಿಗಳು ತುಂಬಿರುವ, ನಟರು ಮಾತು ಮರೆತು ತಡವರಿಸುವ, ಗೋಡೆಗಳು ಬಾಗಿಲು ಹಾಕಿದರೆ ಅಲುಗುವ ಧಾರಾವಾಹಿಯಾದರೆ ಹೇಳತಕ್ಕದ್ದೇನು! ಆದರೂ ಅಮೆರಿಕದ ಎ.ಬಿ.ಸಿ. ಸಂಸ್ಥೆಯು ೧೯೬೬ರ ಜೂನ್ ೨೭ರಿಂದ ೧೯೭೧ರ ಏಪ್ರಿಲ್ ೨ರ ವರೆಗೆ ಪ್ರಸಾರ ಮಾಡಿದ ‘ಡಾರ್ಕ್ ಷ್ಯಾಡೋಸ್’ ಎಂಬ ಧಾರಾವಾಹಿಯನ್ನು ಚರಿತ್ರಕಾರನ ಕಣ್ಣಿನಿಂದ ನೋಡಿದರೆ ಕೆಲವು ಪ್ರಶ್ನೆಗಳು ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಮುಖ್ಯವಾದುದು ಇದು: ಹಳೆಯ ವಸ್ತುವೊಂದನ್ನು ಕಂಡು ನಾವು ನಕ್ಕಾಗ, ಆ ನಗೆಗೆ ಕಾರಣ ವಸ್ತುವಿನಲ್ಲಿದೆಯೋ ನಮ್ಮಲ್ಲಿದೆಯೋ? ಬೇರೆ ಬೇರೆ ವಿಷಯಗಳನ್ನು ಬೋಧಿಸುವ ನಾವು ನಾಲ್ವರು ಸ್ನೇಹಿತರು, ಒಬ್ಬೊಬ್ಬರೇ ಹಿಂದೆ ಬಿಡಿಬಿಡಿಯಾಗಿ ನೋಡಿದ್ದ ಈ ಧಾರಾವಾಹಿಯ ಮುಖ್ಯ ಭಾಗಗಳನ್ನು ಶನಿವಾರ ಸಂಜೆಗಳಲ್ಲಿ ಒಟ್ಟಿಗೆ ಕುಳಿತು ಮತ್ತೆ ನೋಡಿದಾಗ ಹುಟ್ಟಿದ ಚರ್ಚೆಯ ಫಲ ಈ ಲೇಖನ.

ಮೊದಲು ಪ್ರಕಾರದ ವಿಚಾರ. ಅಮೆರಿಕದಲ್ಲಿ ಹಗಲು ಹೊತ್ತಿನ ಧಾರಾವಾಹಿಗೆ ‘ಸೋಪ್ ಒಪೆರಾ’ ಎಂಬ ಹೆಸರು ಬಂದುದು ೧೯೩೦ರ ದಶಕದ ರೇಡಿಯೋ ಕಾಲದಲ್ಲಿ. ಗೃಹಿಣಿಯರು ಕೆಲಸ ಮಾಡುತ್ತ ಕೇಳುವ ಕಥೆಗಳಿಗೆ ಸಾಬೂನು ತಯಾರಕರು ಹಣ ಕೊಡುತ್ತಿದ್ದರು. ಅವರ ಜಾಹೀರಾತಿನ ನಡುವೆ ಕಥೆ ಸಾಗುತ್ತಿತ್ತು, ಅಥವಾ ಕಥೆಯ ನಡುವೆ ಜಾಹೀರಾತು. ಈ ಪ್ರಕಾರದ ಮುಖ್ಯ ಲಕ್ಷಣವೆಂದರೆ ಮುಗಿಯದಿರುವುದು. ‘ಗೈಡಿಂಗ್ ಲೈಟ್’ ಎಂಬುದು ೧೯೩೭ರಲ್ಲಿ ರೇಡಿಯೋದಲ್ಲಿ ಹುಟ್ಟಿ, ೧೯೫೨ರಲ್ಲಿ ಟೆಲಿವಿಷನ್ನಿಗೆ ಬಂದು, ೨೦೦೯ರಲ್ಲಿ ನಿಂತಿತು. ಕಾದಂಬರಿಗೆ ಕೊನೆಯ ಪುಟವಿದೆ, ನಾಟಕಕ್ಕೆ ಭರತವಾಕ್ಯವಿದೆ. ಇದಕ್ಕೆ ಇರುವುದು ನಾಳೆ ಮಾತ್ರ. ಮದುವೆ, ಮುರಿದ ಮನಸ್ಸು, ಆಸ್ಪತ್ರೆ, ನ್ಯಾಯಾಲಯ — ಇವೇ ಇದರ ವಸ್ತುಗಳಾಗಿದ್ದವು. ಡ್ಯಾನ್ ಕರ್ಟಿಸ್ ಎಂಬ ನಿರ್ಮಾಪಕನು ಈ ಪಾತ್ರೆಯೊಳಕ್ಕೆ ಬೇರೊಂದು ರಸವನ್ನು ಸುರಿದನು.

ರೈಲಿನಲ್ಲಿ ಒಬ್ಬಳೇ ಕುಳಿತು ದೂರದ ಊರಿಗೆ ಪಯಣಿಸುವ ತರುಣಿಯೊಬ್ಬಳು ಅವನಿಗೆ ಕನಸಿನಲ್ಲಿ ಕಂಡಳೆಂದೂ ಅದೇ ಧಾರಾವಾಹಿಯ ಬೀಜವೆಂದೂ ಅವನೇ ಹೇಳುತ್ತಿದ್ದನು. ಆ ತರುಣಿಯೇ ವಿಕ್ಟೋರಿಯಾ ವಿಂಟರ್ಸ್. ಅನಾಥಾಲಯದಲ್ಲಿ ಬೆಳೆದ ಅವಳು ಮೇಯ್ನ್ ಪ್ರಾಂತದ ಕಡಲ ತೀರದಲ್ಲಿರುವ ಕಾಲಿನ್ಸ್‌ಪೋರ್ಟ್ ಎಂಬ ಕಲ್ಪಿತ ಊರಿಗೆ, ಕಾಲಿನ್ಸ್ ಮನೆತನದ ಬಾಲಕನಿಗೆ ಪಾಠ ಹೇಳಲು ಬರುತ್ತಾಳೆ. ದೊಡ್ಡ ಬಂಗಲೆ, ಮುಚ್ಚಿದ ಕೋಣೆಗಳು, ಹದಿನೆಂಟು ವರ್ಷದಿಂದ ಹೊಸ್ತಿಲು ದಾಟದ ಮನೆಯೊಡತಿ. ಆ ಒಡತಿಯ ಪಾತ್ರವನ್ನು ಹಾಲಿವುಡ್ಡಿನ ಹೆಸರಾಂತ ತಾರೆ ಜೋನ್ ಬೆನೆಟ್ ವಹಿಸಿದ್ದಳು. ಆಂಗ್ಲ ಸಾಹಿತ್ಯ ಬಲ್ಲವರಿಗೆ ಇದೆಲ್ಲ ಪರಿಚಿತವಾದ ಸಾಮಗ್ರಿಯೇ. ಹೊರೇಸ್ ವಾಲ್ಪೋಲನು ೧೭೬೪ರಲ್ಲಿ ಪ್ರಕಟಿಸಿದ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ದಿಂದ ಆರಂಭವಾದ ಗಾಥಿಕ್ ಕಥಾಸಂಪ್ರದಾಯವು ಆನ್ ರ್‍ಯಾಡ್‌ಕ್ಲಿಫ್‌ಳ ಮೂಲಕ ಹಾದು, ೧೮೪೭ರ ‘ಜೇನ್ ಏರ್’ನಲ್ಲಿ ಮನೆಪಾಠದ ಅಧ್ಯಾಪಿಕೆಯ ಕಥೆಯಾಗಿ, ೧೯೩೮ರ ‘ರೆಬೆಕ್ಕಾ’ದಲ್ಲಿ ಸತ್ತವಳ ನೆರಳು ಕವಿದ ಮನೆಯ ಕಥೆಯಾಗಿ ಬೆಳೆದುಬಂದಿತು. ಈ ಸಂಪ್ರದಾಯದ ಹುರುಳೇನೆಂದರೆ, ಹಿಂದಿನವರ ಪಾಪವು ಇಂದಿನವರ ಮನೆಯ ಗೋಡೆಯೊಳಗೆ ಬದುಕಿರುತ್ತದೆ ಎಂಬುದು. ಇದು ಒಂದು ಬಗೆಯ ಚರಿತ್ರೆಯ ಸಿದ್ಧಾಂತವೇ ಸರಿ. ಕಾರಣ-ಕಾರ್ಯಗಳ ಬದಲು ಶಾಪ-ಪ್ರಾಯಶ್ಚಿತ್ತಗಳಿಂದ ಕಾಲವನ್ನು ಪೋಣಿಸುವ ಸಿದ್ಧಾಂತ.

ಮೊದಲ ಕೆಲವು ತಿಂಗಳುಗಳಲ್ಲಿ ಧಾರಾವಾಹಿಗೆ ಪ್ರೇಕ್ಷಕರು ಸಾಕಷ್ಟು ದೊರಕಲಿಲ್ಲ. ಆಗ ಪ್ರೇತಗಳು ಒಂದೊಂದಾಗಿ ಒಳಗೆ ಬಂದವು. ೧೯೬೭ರ ಏಪ್ರಿಲಿನಲ್ಲಿ, ಒಡವೆಯ ಆಸೆಯಿಂದ ಮನೆತನದ ಸಮಾಧಿಗೃಹವನ್ನು ಹೊಕ್ಕ ವಿಲ್ಲಿ ಲೂಮಿಸ್ ಎಂಬ ಪುಂಡನೊಬ್ಬನು ಸರಪಳಿ ಬಿಗಿದ ಶವಪೆಟ್ಟಿಗೆಯನ್ನು ತೆರೆಯುತ್ತಾನೆ. ಒಳಗಿನಿಂದ ಒಂದು ಕೈ ಚಾಚಿ ಅವನ ಕುತ್ತಿಗೆಯನ್ನು ಹಿಡಿಯುತ್ತದೆ. ಮರುದಿನದ ಕಂತಿನಲ್ಲಿ ಬಂಗಲೆಯ ಬಾಗಿಲಿಗೆ ಬಂದು ನಿಂತವನು ಇಂಗ್ಲೆಂಡಿನಿಂದ ಬಂದ ದಾಯಾದಿಯೆಂದು ಹೇಳಿಕೊಳ್ಳುವ ಬಾರ್ನಬಸ್ ಕಾಲಿನ್ಸ್. ಹಜಾರದಲ್ಲಿ ತೂಗುವ ಹಳೆಯ ಭಾವಚಿತ್ರದ ಮುಖವೇ ಅವನ ಮುಖ. ಅವನು ದಾಯಾದಿಯಲ್ಲ, ನೂರೆಪ್ಪತ್ತು ವರ್ಷಕ್ಕೂ ಹಿಂದಿನ ಪೂರ್ವಜನೇ. ಆಂಜೆಲಿಕ್ ಎಂಬ ಮಾಟಗಾತಿಯ ಪ್ರೇಮವನ್ನು ತಿರಸ್ಕರಿಸಿ ಅವಳ ಶಾಪದಿಂದ ರಕ್ತಪಿಶಾಚಿಯಾದವನು. ಪಾತ್ರಧಾರಿ ಜೊನಾಥನ್ ಫ್ರಿಡ್ ಕೆನಡಾದವನು, ಷೇಕ್ಸ್‌ಪಿಯರನ ನಾಟಕಗಳಲ್ಲಿ ಪಳಗಿದವನು. ಕೆಲವು ವಾರಗಳಿಗೆಂದು ಕರೆದುತಂದ ಈ ಪಾತ್ರ ವರ್ಷಗಟ್ಟಲೆ ಉಳಿದುಬಿಟ್ಟಿತು. ಶಾಲೆ ಬಿಟ್ಟೊಡನೆ ಮಕ್ಕಳು ಈ ಕಾರ್ಯಕ್ರಮಕ್ಕಾಗಿ ಮನೆಗೆ ಓಡುತ್ತಿದ್ದರೆಂಬುದು ಆ ಪೀಳಿಗೆಯ ಅಮೆರಿಕನ್ನರು ಇಂದಿಗೂ ಹೇಳುವ ಮಾತು. ಗೃಹಿಣಿಯರಿಗೆಂದು ಮೀಸಲಾಗಿದ್ದ ಪ್ರಕಾರಕ್ಕೆ ಬಾಲಕರೂ ಕಾಲೇಜು ವಿದ್ಯಾರ್ಥಿಗಳೂ ಬಂದು ಸೇರಿದರು.

ಇಲ್ಲಿ ಒಂದು ಅಂಶವನ್ನು ತುಸು ನಿಧಾನವಾಗಿ ಗಮನಿಸಬೇಕು. ಬಾರ್ನಬಸ್ ಆರಂಭದಲ್ಲಿ ಶುದ್ಧ ಖಳ. ಮ್ಯಾಗಿ ಎಂಬ ಹುಡುಗಿಯನ್ನು ಸೆರೆಹಿಡಿದು, ಸತ್ತುಹೋದ ತನ್ನ ಪ್ರೇಯಸಿ ಜೋಸೆಟ್‌ಳನ್ನಾಗಿ ಅವಳನ್ನು ಮಾರ್ಪಡಿಸಲು ಹವಣಿಸುತ್ತಾನೆ, ಕೊಲೆಗೂ ಹೇಸುವುದಿಲ್ಲ. ಆದರೆ ಜನ ಅವನನ್ನು ಮೆಚ್ಚಿಕೊಂಡ ಮೇಲೆ ಲೇಖಕರು ಇಕ್ಕಟ್ಟಿಗೆ ಸಿಕ್ಕಿದರು. ಕಾದಂಬರಿಯ ಡ್ರ್ಯಾಕುಲನ ಎದೆಯನ್ನು ೧೮೯೭ರಲ್ಲಿ ಬ್ರಾಮ್ ಸ್ಟೋಕರ್ ಕೊನೆಯ ಅಧ್ಯಾಯದಲ್ಲಿ ಇರಿಸಿದನು, ಕಥೆ ಮುಗಿಯಿತು. ಇಲ್ಲಿ ಅವನನ್ನು ಕೊಂದರೆ ನಾಳೆಗೆ ಕಥೆಯಿಲ್ಲ. ದಿನವೂ ಕೊಲೆ ಮಾಡಿಸಿದರೆ ಊರಿನಲ್ಲಿ ಜನ ಉಳಿಯುವುದಿಲ್ಲ. ಉಳಿದುದು ಒಂದೇ ದಾರಿ: ಅವನಲ್ಲಿ ಪಶ್ಚಾತ್ತಾಪವನ್ನು ಹುಟ್ಟಿಸುವುದು. ಜೂಲಿಯಾ ಹಾಫ್ಮನ್ ಎಂಬ ವೈದ್ಯೆಯು ಅವನ ಶಾಪವನ್ನು ರೋಗವೆಂದು ಬಗೆದು ಚುಚ್ಚುಮದ್ದು ಕೊಡಲು ತೊಡಗುತ್ತಾಳೆ. ಮೆಲ್ಲಗೆ ಅವನನ್ನು ಪ್ರೀತಿಸಲೂ ತೊಡಗುತ್ತಾಳೆ. ಹೀಗೆ ಧಾರಾವಾಹಿಯ ರೂಪವೇ ಪಾತ್ರದ ನೀತಿಯನ್ನು ಬದಲಿಸಿತು. ಇದಕ್ಕೆ ಹಿಂದಿನ ನಿದರ್ಶನವೂ ಉಂಟು. ೧೮೪೫ರಿಂದ ೧೮೪೭ರ ವರೆಗೆ ಲಂಡನ್ನಿನಲ್ಲಿ ವಾರವಾರವೂ ಕಿರುಹೊತ್ತಗೆಗಳಾಗಿ ಅಗ್ಗದ ಬೆಲೆಗೆ ಮಾರಾಟವಾದ ‘ವಾರ್ನಿ ದಿ ವ್ಯಾಂಪೈರ್’ ಎಂಬ ಕಥೆಯಲ್ಲಿಯೂ ಖಳನು ಎಳೆದಷ್ಟೂ ಮನುಷ್ಯನಾಗುತ್ತ ಹೋಗಿ, ತನ್ನ ಬಾಳಿಗೆ ತಾನೇ ಹೇಸಿ, ಕಡೆಗೆ ವೆಸೂವಿಯಸ್ ಅಗ್ನಿಪರ್ವತದ ಬಾಯಿಗೆ ಹಾರಿಕೊಳ್ಳುತ್ತಾನೆ. ಪಶ್ಚಾತ್ತಾಪಪಡುವ ರಕ್ತಪಿಶಾಚಿಯು ಮಹಾಕವಿಯೊಬ್ಬನ ಕಲ್ಪನೆಯಿಂದ ಹುಟ್ಟಿದ್ದಕ್ಕಿಂತ ಹೆಚ್ಚಾಗಿ, ಕಂತುಕಂತಾಗಿ ಬರೆಯುವವನ ಅಗತ್ಯದಿಂದ ಹುಟ್ಟಿದನೆಂಬುದು ನಮ್ಮ ಅಭಿಪ್ರಾಯ.

ಇನ್ನು ತಯಾರಿಕೆಯ ಕ್ರಮ. ವಾರಕ್ಕೆ ಐದು ಕಂತು, ಪ್ರತಿಯೊಂದೂ ಅರ್ಧ ಗಂಟೆಯದು. ನ್ಯೂಯಾರ್ಕಿನ ಕಿರಿದಾದ ಸ್ಟುಡಿಯೋ ಒಂದರಲ್ಲಿ ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಮುದ್ರಣ. ೧೯೫೬ರಲ್ಲಿ ಬಳಕೆಗೆ ಬಂದ ಎರಡಂಗುಲ ಅಗಲದ ವೀಡಿಯೋ ಟೇಪು ದುಬಾರಿಯಾಗಿತ್ತು. ಅದನ್ನು ಕತ್ತರಿಸಿ ಜೋಡಿಸುವ ಕೆಲಸ ಇನ್ನೂ ತೊಡಕಿನದಾಗಿತ್ತು. ಆದ್ದರಿಂದ ನಾಟಕವನ್ನು ಆಡಿದಂತೆ ಆದಿಯಿಂದ ಅಂತ್ಯದ ವರೆಗೆ ತಡೆಯಿಲ್ಲದೆ ಮುದ್ರಿಸುತ್ತಿದ್ದರು. ನಟನು ತಪ್ಪಿದರೆ ತಪ್ಪು ಅಲ್ಲಿಯೇ ಉಳಿಯಿತು. ಇದರ ಫಲವಾಗಿ ಗೋರಿಯ ಮೇಲೆ ಮೈಕಿನ ನೆರಳು ಬೀಳುತ್ತದೆ. ಹದಿನೆಂಟನೆಯ ಶತಮಾನದ ಕೋಣೆಯ ಅಂಚಿನಲ್ಲಿ ಇಪ್ಪತ್ತನೆಯ ಶತಮಾನದ ಕೆಲಸಗಾರನೊಬ್ಬನು ಹಾದುಹೋಗುತ್ತಾನೆ. ಗಂಭೀರ ಪ್ರಸಂಗದಲ್ಲಿ ನೊಣವೊಂದು ಪಾತ್ರಧಾರಿಯ ಮುಖದ ಮೇಲೆ ಕುಳಿತುಕೊಳ್ಳುತ್ತದೆ. ಫ್ರಿಡ್ ತನ್ನ ಉದ್ದುದ್ದ ಮಾತುಗಳ ನಡುವೆ ತಡೆದು, ಮಾತು ಬರೆದು ತೋರಿಸುವ ಯಂತ್ರದ ಕಡೆಗೆ ಕಣ್ಣು ಹಾಯಿಸುವುದು ಸ್ಪಷ್ಟವಾಗಿ ಕಾಣುತ್ತದೆ. ಸ್ವಾರಸ್ಯವೆಂದರೆ, ಆ ತಡವರಿಕೆಯೇ ಪಾಪಭಾರದಿಂದ ಕುಗ್ಗಿದವನ ಸಂಕಟದಂತೆ ತೋರಿ ಪಾತ್ರಕ್ಕೆ ಒಂದು ಕಳೆ ಕೊಟ್ಟಿದೆ.

ಇಂಥ ಕೃತಿಗಳನ್ನು ಕುರಿತು ಹೇಳುವಾಗ ಅಮೆರಿಕದ ವಿಮರ್ಶಕರು ‘ಕ್ಯಾಂಪ್’ ಎಂಬ ಪದವನ್ನು ಬಳಸುತ್ತಾರೆ. (ನಮ್ಮ ಸರಕಾರಿ ನೌಕರರು ಊರೂರು ತಿರುಗುವ ಕ್ಯಾಂಪಿಗೂ ಇದಕ್ಕೂ ಸಂಬಂಧವಿಲ್ಲ.) ಸೂಸನ್ ಸೊಂಟಾಗ್ ೧೯೬೪ರಲ್ಲಿ ಬರೆದ ಪ್ರಬಂಧವೊಂದು ಈ ಪದಕ್ಕೆ ವಿದ್ವತ್ತಿನ ಮರ್ಯಾದೆಯನ್ನು ತಂದಿತು. ಆಕೆಯ ವಾದದ ಸಾರವೆಂದರೆ, ಅತಿಯಾದ ಅಲಂಕಾರದಿಂದಲೂ ಅತಿಯಾದ ಆವೇಶದಿಂದಲೂ ಕೂಡಿ, ಗಂಭೀರವಾಗಲು ಹೊರಟು ಗುರಿ ಮುಟ್ಟದೆ, ಆ ಸೋಲಿನಲ್ಲಿಯೇ ಮನೋಹರವಾಗುವ ವಸ್ತುವು ಈ ಹೆಸರಿಗೆ ಅರ್ಹ. ಬೇಕೆಂದು ಹಾಗೆ ಮಾಡಿದ್ದಕ್ಕಿಂತ ಅರಿಯದೆ ಹಾಗಾದುದೇ ಶುದ್ಧವಾದುದು. ಅದೇ ಎ.ಬಿ.ಸಿ. ಸಂಸ್ಥೆ ೧೯೬೬ರ ಜನವರಿಯಲ್ಲಿ ಆರಂಭಿಸಿದ ‘ಬ್ಯಾಟ್‌ಮನ್’ ಬೇಕೆಂದೇ ಪ್ರೇಕ್ಷಕನಿಗೆ ಕಣ್ಣು ಮಿಟುಕಿಸುವ ಕೃತಿ. ‘ಡಾರ್ಕ್ ಷ್ಯಾಡೋಸ್’ ಹಾಗಲ್ಲ. ಅದರ ನಟರಲ್ಲಿ ಒಬ್ಬರೂ ನಗುವುದಿಲ್ಲ. ೨೦೧೨ರಲ್ಲಿ ಟಿಮ್ ಬರ್ಟನ್ ಇದೇ ಕಥೆಯನ್ನು ಚಲಚ್ಚಿತ್ರವಾಗಿ ತೆಗೆದಾಗ ಬಹುಭಾಗವನ್ನು ಹಾಸ್ಯಕ್ಕೆ ತಿರುಗಿಸಿದನು. ಅಲ್ಲಿ ನಗೆಯನ್ನು ನಮಗೆ ಬಡಿಸಿಕೊಡುತ್ತಾರೆ. ಇಲ್ಲಿ ನಾವೇ ಹೆಕ್ಕಿಕೊಳ್ಳಬೇಕು. ಮೊದಲನೆಯದಕ್ಕಿಂತ ಎರಡನೆಯದೇ ರುಚಿ.

ನಮ್ಮ ಶನಿವಾರದ ಕೂಟದಲ್ಲಿಯೂ ಆರಂಭದ ವಾರಗಳೆಲ್ಲ ಹೀಗೆಯೇ ನಗೆಯಲ್ಲಿ ಕಳೆದವು. ಮೈಕಿನ ನೆರಳನ್ನು ಮೊದಲು ಕಂಡವರು ಕೂಗಬೇಕು, ಉಳಿದವರು ಅವರಿಗೆ ಚಹ ಮಾಡಿಕೊಡಬೇಕು ಎಂಬ ಕಟ್ಟಳೆಯೂ ಏರ್ಪಟ್ಟಿತ್ತು. ಇದಕ್ಕೆ ಆಕ್ಷೇಪವನ್ನು ಎತ್ತಿದವರು ಭೌತಶಾಸ್ತ್ರದ ಅಧ್ಯಾಪಕರು. ಅವರ ವಾದ ಹೀಗಿತ್ತು: ೧೯೬೭ರ ಬಾಲಕನು ಈ ದೃಶ್ಯವನ್ನು ಚಿಕ್ಕ ಪರದೆಯ ಮೇಲೆ, ಏರಿಯಲ್ ತಂದುಕೊಟ್ಟ ಮಸುಕಿನಲ್ಲಿ, ಒಂದೇ ಒಂದು ಸಲ ನೋಡಿದನು. ನಿಲ್ಲಿಸಿ ಹಿಂದಕ್ಕೆ ತಿರುಗಿಸಿ ನೋಡುವ ಅನುಕೂಲ ಅವನಿಗಿರಲಿಲ್ಲ. ಕಂಡ ನೆರಳು ಮೈಕಿನದೋ ಪ್ರೇತದ್ದೋ ಎಂದು ನಿಶ್ಚಯಿಸುವಷ್ಟರಲ್ಲಿ ದೃಶ್ಯ ಮುಗಿದು ಸಾಬೂನಿನ ಜಾಹೀರಾತು ಬಂದಿರುತ್ತಿತ್ತು. ಕಂತಿನ ಕೊನೆಯಲ್ಲಿ ಹುಟ್ಟಿದ ಭಯವನ್ನು ಅವನು ಇಪ್ಪತ್ತನಾಲ್ಕು ಗಂಟೆ ಹೊತ್ತು ತಿರುಗಬೇಕಾಗಿತ್ತು. ಶುಕ್ರವಾರವಾದರೆ ಮೂರು ದಿನ. ನಾವಾದರೋ ಒಂದೇ ಸಂಜೆ ಐದು ಕಂತುಗಳನ್ನು ಹೆದರಿಕೆಗೆ ಎಡೆಯಿಲ್ಲದಂತೆ ನುಂಗಿಬಿಡುತ್ತೇವೆ. ಹಾಗಿರುವಾಗ ‘ಇದು ನಗೆಗೀಡಾದ ಕೃತಿ’ ಎಂದು ತೀರ್ಪು ಕೊಡುವುದು ಎಷ್ಟರ ಮಟ್ಟಿಗೆ ನ್ಯಾಯ?

ಆಂಗ್ಲ ಸಾಹಿತ್ಯದ ಅಧ್ಯಾಪಕರು ಇದನ್ನು ಪೂರ್ಣವಾಗಿ ಒಪ್ಪಲಿಲ್ಲ. ಅಂದಿನ ವಯಸ್ಕರೂ, ವಿಶೇಷವಾಗಿ ಕಾಲೇಜು ತರುಣರು, ಭಯದ ಜೊತೆಗೆ ನಗೆಯನ್ನೂ ಸವಿದಿರಲೇಬೇಕೆಂದು ಅವರ ನಿಲುವು. ಇರಬಹುದು. ಆದರೆ ಭೌತಶಾಸ್ತ್ರದವರ ಮಾತಿನಲ್ಲಿ ಚರಿತ್ರಕಾರನು ಬಿಟ್ಟುಕೊಡಲಾಗದ ಒಂದು ತತ್ತ್ವವಿದೆ. ಆಧಾರವು ನಮ್ಮ ಕೈಗೆ ಬಂದ ರೀತಿಯೇ ಆಧಾರದ ಅರ್ಥವನ್ನು ಬದಲಿಸುತ್ತದೆ. ಗುಡಿಯ ಗೋಡೆಯ ಮೇಲೆ ಎತ್ತರದಲ್ಲಿ, ಯಾರೂ ಓದಲಾಗದಂತೆ ಕೊರೆದ ಶಾಸನವನ್ನು ನಾವು ಮೇಜಿನ ಮೇಲೆ ಅಚ್ಚಿನ ಪ್ರತಿಯಾಗಿ ಓದುತ್ತೇವೆ. ಕೊರೆಸಿದವನು ಅದನ್ನು ಹಾಗೆ ಓದಲೆಂದು ಕೊರೆಸಿರಲಿಲ್ಲ. ಅಂತೆಯೇ ಈ ಕಂತುಗಳು ಒಂದು ಸಲ ಕಂಡು ಮರೆಯಲೆಂದು ಆದವು. ಅವುಗಳ ‘ಕ್ಯಾಂಪ್’ ಗುಣದಲ್ಲಿ ಅರ್ಧಪಾಲಾದರೂ ಮರುವೀಕ್ಷಣೆಯು ಬೆಳೆಸಿದ್ದು. ಈ ಮಾತಾದ ಮೇಲೆ ನಾವು ಕ್ರಮ ಬದಲಿಸಿ, ಸಂಜೆಗೆ ಎರಡೇ ಕಂತುಗಳನ್ನು, ನಡುವೆ ಎಲ್ಲಿಯೂ ನಿಲ್ಲಿಸದೆ, ದೀಪವಾರಿಸಿ ನೋಡತೊಡಗಿದೆವು. ಮೈಕಿನ ನೆರಳುಗಳು ಆಗಲೂ ಇದ್ದವು. ಆದರೆ ಜೋಸೆಟ್‌ಳು ವಿಡೋಸ್ ಹಿಲ್ ಎಂಬ ಕಡಿದಾದ ಬಂಡೆಯಿಂದ ಕಡಲಿಗೆ ಹಾರುವ ಪ್ರಸಂಗದಲ್ಲಿ ಯಾರೂ ಕೂಗಲಿಲ್ಲ, ಯಾರಿಗೂ ಚಹ ಸಿಗಲಿಲ್ಲ.

ಆ ಪ್ರಸಂಗವು ಬರುವುದು ‘೧೭೯೫’ ಎಂದು ಹೆಸರಾದ ಕಥಾಭಾಗದಲ್ಲಿ. ಚರಿತ್ರೆಯ ಅಧ್ಯಾಪಕನಿಗೆ ಹೆಚ್ಚು ಕೆಲಸ ಕೊಡುವುದೂ ಇದೇ. ೧೯೬೭ರ ನವೆಂಬರಿನಲ್ಲಿ, ಪ್ರೇತಾವಾಹನೆಗಾಗಿ ಮೇಜಿನ ಸುತ್ತ ಕುಳಿತಿದ್ದ ಮನೆಯವರ ನಡುವಿನಿಂದ ವಿಕ್ಟೋರಿಯಾ ಮಾಯವಾಗಿ ೧೭೯೫ರಲ್ಲಿ ಕಣ್ಣು ತೆರೆಯುತ್ತಾಳೆ. ಸುಮಾರು ನಾಲ್ಕೂವರೆ ತಿಂಗಳ ಕಾಲ ಅಮೆರಿಕದ ಪ್ರೇಕ್ಷಕರು ವರ್ತಮಾನವನ್ನು ಬಿಟ್ಟು ಆ ಕಾಲದಲ್ಲಿಯೇ ಇದ್ದರು. ಅದೇ ನಟರು ತಮ್ಮ ಪಾತ್ರಗಳ ಪೂರ್ವಜರಾಗಿ ಬಂದರು: ಎಲಿಜಬೆತ್ ಆಗಿದ್ದ ಜೋನ್ ಬೆನೆಟ್ ಬಾರ್ನಬಸನ ತಾಯಿ ನಯೋಮಿಯಾದಳು, ರೋಜರ್ ಆಗಿದ್ದ ಲೂಯಿ ಎಡ್ಮಂಡ್ಸ್ ತಂದೆ ಜೋಷುವನಾದನು. ನಟವರ್ಗದ ಸಂಬಳ ಉಳಿಸಿದ ಈ ಉಪಾಯದಿಂದಲೇ, ಮುಖ ಬದಲಾಗದೆ ಪಾಪ ಮಾತ್ರ ಕೈಬದಲಾಗುತ್ತದೆ ಎಂಬ ಗಾಥಿಕ್ ಭಾವನೆಯು ಬೇರೆ ಯಾವ ಮಾತಿನ ನೆರವೂ ಇಲ್ಲದೆ ಕಣ್ಣಿಗೆ ಕಾಣುವಂತಾಯಿತು.

ಆದರೆ ಇವರ ೧೭೯೫ ಎಷ್ಟು ನಿಜ? ವಿಕ್ಟೋರಿಯಾಳನ್ನು ಮಾಟಗಾತಿಯೆಂದು ಹಿಡಿದು, ಟ್ರಾಸ್ಕ್ ಎಂಬ ಮತಾಂಧ ಪಾದ್ರಿಯ ಒತ್ತಾಯದಿಂದ ವಿಚಾರಣೆ ನಡೆಸಿ, ನೇಣಿನ ಶಿಕ್ಷೆ ವಿಧಿಸುತ್ತಾರೆ. ಇದು ನೂರು ವರ್ಷ ತಡವಾದ ವಿಚಾರಣೆ. ನ್ಯೂ ಇಂಗ್ಲೆಂಡಿನಲ್ಲಿ ಮಾಟಗಾತಿಯರೆಂದು ಕೊಂದ ಪ್ರಸಿದ್ಧ ಪ್ರಕರಣ ಮ್ಯಾಸಚೂಸೆಟ್ಸಿನ ಸೇಲಮ್ಮಿನಲ್ಲಿ ೧೬೯೨ರಲ್ಲಿ ನಡೆಯಿತು. ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು, ಜೈಲ್ಸ್ ಕೋರಿ ಎಂಬ ಮುದುಕನನ್ನು ಕಲ್ಲು ಹೇರಿ ಕೊಂದರು. ‘ಆಕೆಯ ಪ್ರೇತರೂಪ ನನ್ನ ಕನಸಿಗೆ ಬಂದು ಪೀಡಿಸಿತು’ ಎಂಬಂಥ ಸಾಕ್ಷ್ಯವನ್ನು ಆ ನ್ಯಾಯಾಲಯ ಸ್ವೀಕರಿಸುತ್ತಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಜ್ಯಪಾಲ ಫಿಪ್ಸ್ ಆ ನ್ಯಾಯಾಲಯವನ್ನು ರದ್ದುಪಡಿಸಿದನು. ೧೬೯೩ರಲ್ಲಿ ಕುಳಿತ ಹೊಸ ನ್ಯಾಯಾಲಯ ಅಂಥ ಸಾಕ್ಷ್ಯವನ್ನು ತಳ್ಳಿಹಾಕಿತು. ೧೭೧೧ರಲ್ಲಿ ವಸಾಹತು ಸರಕಾರವು ಅನೇಕರ ಮೇಲಿದ್ದ ಕಳಂಕವನ್ನು ತೊಡೆದು ಕುಟುಂಬಗಳಿಗೆ ಪರಿಹಾರವನ್ನು ಕೊಟ್ಟಿತು. ವಾಷಿಂಗ್ಟನ್ ಅಧ್ಯಕ್ಷನಾಗಿದ್ದ ೧೭೯೫ರಲ್ಲಿ ಅಂಥ ಮೊಕದ್ದಮೆ ಊಹೆಗೂ ನಿಲುಕದು. ಇಷ್ಟೇ ಅಲ್ಲ, ಮೇಯ್ನ್ ಆಗ ಪ್ರತ್ಯೇಕ ರಾಜ್ಯವೇ ಆಗಿರಲಿಲ್ಲ, ೧೮೨೦ರ ವರೆಗೆ ಅದು ಮ್ಯಾಸಚೂಸೆಟ್ಸಿನ ಭಾಗ.

ಈ ತಪ್ಪುಗಳನ್ನು ಪಟ್ಟಿ ಮಾಡಿ ಬೀಗುವುದು ಸುಲಭ. ನಮ್ಮಲ್ಲಿ ಕಾನೂನು ಬೋಧಿಸುವವರು ಒಂದು ಬೇರೆ ದಾರಿಯನ್ನು ತೋರಿದರು. ವಿಕ್ಟೋರಿಯಾಳ ವಿರುದ್ಧ ಸಾಕ್ಷ್ಯವಾಗಿ ಬರುವುವು ಯಾವುವು? ಅವಳ ವಿಚಿತ್ರವಾದ ಉಡುಪು, ಅವಳ ಮಾತಿನ ಧಾಟಿ, ಭವಿಷ್ಯದ ಸಂಗತಿಗಳನ್ನು ಬಲ್ಲಳೆಂಬುದು, ಅವಳ ಬಳಿಯಿದ್ದ ಕಾಲಿನ್ಸ್ ಮನೆತನದ ಚರಿತ್ರೆಯ ಪುಸ್ತಕ. ನಿಜವಾದ ಮಾಟಗಾತಿ ಆಂಜೆಲಿಕ್ ಮಾತ್ರ ಮನೆಯ ದಾಸಿಯಾಗಿ, ಅನಂತರ ಸೊಸೆಯಾಗಿ, ಸುರಕ್ಷಿತಳಾಗಿದ್ದಾಳೆ. ಅನ್ಯಳಾದವಳನ್ನು ಅನ್ಯಳೆಂಬ ಕಾರಣಕ್ಕೇ ಅಪರಾಧಿಯೆಂದು ಸಾರುವ ಈ ನ್ಯಾಯಾಲಯವು ೧೭೯೫ರದ್ದಲ್ಲ, ಪೂರ್ತಿಯಾಗಿ ೧೬೯೨ರದ್ದೂ ಅಲ್ಲ. ಅಮೆರಿಕದಲ್ಲಿ ಕಮ್ಯೂನಿಸ್ಟರ ಬೇಟೆ ನಡೆದು ಆಗಿನ್ನೂ ಹೆಚ್ಚು ವರ್ಷಗಳಾಗಿರಲಿಲ್ಲ. ಆರ್ಥರ್ ಮಿಲ್ಲರನು ೧೯೫೩ರಲ್ಲಿ ‘ದಿ ಕ್ರೂಸಿಬಲ್’ ನಾಟಕದ ಮೂಲಕ ಸೇಲಮ್ಮಿನ ಕಥೆಯನ್ನು ಆ ಬೇಟೆಗೆ ಕನ್ನಡಿ ಮಾಡಿದ್ದನು. ಅಲ್ಲಿಂದ ಮುಂದೆ ಮಾಟಗಾತಿಯ ವಿಚಾರಣೆಯೆಂದರೆ ಅಮೆರಿಕನ್ನನ ಮನಸ್ಸಿಗೆ ಅಧಿಕಾರದ ಅನ್ಯಾಯವೆಂದೇ ಅರ್ಥವಾಗುತ್ತಿತ್ತು. ಧಾರಾವಾಹಿಯ ಲೇಖಕರು ರಾಜಕೀಯ ಹೇಳಲು ಹೊರಟವರಲ್ಲ; ನಾಳೆಯ ಕಂತಿಗೆ ಸಾಮಗ್ರಿ ಹುಡುಕುತ್ತಿದ್ದರು. ಕೈಗೆ ಸಿಕ್ಕಿದುದು ಜನರ ಮನಸ್ಸಿನಲ್ಲಿ ಆಗಲೇ ಸಿದ್ಧವಾಗಿದ್ದ ಚಿತ್ರ. ಆದಕಾರಣ ಈ ಭಾಗವು ೧೭೯೫ಕ್ಕೆ ದುರ್ಬಲ ಆಧಾರ. ೧೯೬೭-೬೮ಕ್ಕೆ ಒಳ್ಳೆಯ ಆಧಾರ. ವಿಯೆಟ್ನಾಮಿನ ಯುದ್ಧವೂ, ೧೯೬೮ರ ಏಪ್ರಿಲಿನಲ್ಲಿ ನಡೆದ ಮಾರ್ಟಿನ್ ಲೂಥರ್ ಕಿಂಗನ ಕೊಲೆಯೂ ಕಾಲಿನ್ಸ್‌ಪೋರ್ಟಿನ ಕಥೆಯೊಳಗೆ ಬರಲಿಲ್ಲವೆಂಬುದನ್ನೂ ಇದರೊಡನೆ ಇಟ್ಟು ನೋಡಬೇಕು. ಜನ ಯಾವುದರಿಂದ ಅರ್ಧ ಗಂಟೆ ತಪ್ಪಿಸಿಕೊಳ್ಳಲು ಬಯಸಿದರು ಎಂಬುದೂ ಒಂದು ಮಾಹಿತಿಯೇ.

ಕೊನೆಯದಾಗಿ, ಇದನ್ನೆಲ್ಲ ನಾವು ನೋಡಲು ಸಾಧ್ಯವಾದದ್ದು ಹೇಗೆಂಬ ವಿಷಯ. ಟೇಪನ್ನು ಅಳಿಸಿ ಮತ್ತೆ ಬಳಸಬಹುದಾಗಿದ್ದುದರಿಂದ ಆ ಕಾಲದ ಹಗಲು ಧಾರಾವಾಹಿಗಳಲ್ಲಿ ಬಹುಪಾಲು ಅಳಿದುಹೋದುವು. ಬ್ರಿಟನ್ನಿನ ಬಿ.ಬಿ.ಸಿ. ಕೂಡ ‘ಡಾಕ್ಟರ್ ಹೂ’ ಮುಂತಾದ ಕಾರ್ಯಕ್ರಮಗಳ ಅನೇಕ ಕಂತುಗಳನ್ನು ಹೀಗೆಯೇ ಕಳೆದುಕೊಂಡಿತು. ‘ಡಾರ್ಕ್ ಷ್ಯಾಡೋಸ್’ ಮಾತ್ರ ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದಿದೆ. ೨೦೧೨ರಲ್ಲಿ ಅದರ ಎಲ್ಲ ಕಂತುಗಳನ್ನೂ ಶವಪೆಟ್ಟಿಗೆಯ ಆಕಾರದ ಪೆಟ್ಟಿಗೆಯಲ್ಲಿ ೧೩೧ ಡಿ.ವಿ.ಡಿ.ಗಳಾಗಿ ಹೊರತಂದರು. ಇಲ್ಲಿ ಸಂಶೋಧಕರು ಎಚ್ಚರಿಕೆ ವಹಿಸಬೇಕಾದ ಸಂಗತಿಯೊಂದಿದೆ. ಕೊನೆಯ ಕಂತಿನ ಸಂಖ್ಯೆ ೧೨೪೫. ತಯಾರಾದ ಕಂತುಗಳು ೧೨೨೫ ಮಾತ್ರ. ಬೇರೆ ಕಾರ್ಯಕ್ರಮಗಳಿಗಾಗಿ ಪ್ರಸಾರ ತಪ್ಪಿದ ದಿನಗಳಿದ್ದಾಗ, ವಾರದ ದಿನಕ್ಕೂ ಸಂಖ್ಯೆಗೂ ಹೊಂದಿಕೆ ಕೆಡದಿರಲೆಂದು ಕೆಲವು ಸಂಖ್ಯೆಗಳನ್ನು ಹಾರಿಸುತ್ತಿದ್ದರು. ಸಂಖ್ಯೆಯನ್ನು ನಂಬಿ ‘ಇಷ್ಟು ಕಂತು ಕಳೆದಿವೆ’ ಎಂದು ಬರೆದವನು ಎಂದೂ ಹುಟ್ಟದ ಇಪ್ಪತ್ತು ಕಂತುಗಳಿಗಾಗಿ ಹುಡುಕಾಡಬೇಕಾದೀತು.

ಕೆಲವು ಕಂತುಗಳ ಬಣ್ಣದ ಟೇಪು ಹೋಗಿ, ಪರದೆಯ ಮುಂದೆ ಚಲಚ್ಚಿತ್ರದ ಕ್ಯಾಮರ ಇಟ್ಟು ತೆಗೆದ ಕಪ್ಪುಬಿಳುಪಿನ ಪ್ರತಿ ಮಾತ್ರ ನಿಂತಿದೆ. ೧೯೬೭ರ ಆಗಸ್ಟಿನಲ್ಲಿ ಬಣ್ಣ ಬಂದ ಮೇಲಿನ ಭಾಗವನ್ನು ನೋಡುತ್ತಿರುವಾಗ ನಡುವೆ ಒಮ್ಮೊಮ್ಮೆ ಬಣ್ಣ ಇಂಗಿಹೋಗುವುದು ಇದರಿಂದ. ನಿಜವಾಗಿ ಕಳೆದಿರುವುದು ಒಂದೇ ಕಂತು, ೧೨೧೯ನೆಯ ಸಂಖ್ಯೆಯದು. ಅದರ ಚಿತ್ರ ಎಲ್ಲಿಯೂ ಇಲ್ಲ. ಧ್ವನಿ ಮಾತ್ರ ಉಳಿಯಿತು. ಆ ಧ್ವನಿಗೆ ಸ್ಥಿರಚಿತ್ರಗಳನ್ನು ಹೊಂದಿಸಿ ಕಂತನ್ನು ಮತ್ತೆ ಕಟ್ಟಿದ್ದಾರೆ. ಅದನ್ನು ನೋಡುವಾಗ, ಅಥವಾ ಕೇಳುವಾಗ, ಬಾಗಿಲು ಕಿರುಗುಟ್ಟುವುದು, ಹೆಜ್ಜೆಯ ಸದ್ದು, ರಾಬರ್ಟ್ ಕೋಬರ್ಟ್ ಸಂಯೋಜಿಸಿದ ಸಂಗೀತ ಇವೆಲ್ಲ ಇವೆ. ಮುಖಗಳು ಮಾತ್ರ ಚಲಿಸುವುದಿಲ್ಲ. ಇಡೀ ಧಾರಾವಾಹಿಯಲ್ಲಿ ಮೈಕಿನ ನೆರಳು ಬಿದ್ದಿತ್ತೋ ಇಲ್ಲವೋ ಎಂದು ಯಾರೂ ಹೇಳಲಾಗದ ಕಂತು ಅದೊಂದೇ.